ವಿದೇಶಕ್ಕೆ ಹೊರಟ ಬ್ಯಾಗಿನಲ್ಲಿ ಮಾವು, ಕರಿಬೇವು ಇಡಬಹುದೇ? ಹಂತ ಹಂತವಾಗಿ ತಿಳಿಯಿರಿ

ಬಾದಾಮಿ, ರಸಪುರಿ ಮಾರುಕಟ್ಟೆಗೆ ಬರುವ ಹೊತ್ತಿಗೆ ಓದುಗರಿಂದ ಒಂದೇ ಬಗೆಯ ಪ್ರಶ್ನೆಗಳು ಬರತೊಡಗುತ್ತವೆ. ‘ಮಗಳು ಡಲ್ಲಾಸ್‌ನಲ್ಲಿದ್ದಾಳೆ, ಬಾಣಂತನಕ್ಕೆ ಹೊರಟಿದ್ದೇನೆ, ಒಂದು ಡಜನ್ ಹಣ್ಣು ಒಯ್ಯಬಹುದಾ?’ ‘ಮೆಲ್ಬರ್ನ್‌ನಲ್ಲಿ ಮೊಮ್ಮಗನ ನಾಮಕರಣ, ಮಾವಿನೆಲೆ, ವೀಳ್ಯದೆಲೆ ಇಲ್ಲಿಂದಲೇ ತನ್ನಿ ಅಂದಿದ್ದಾರೆ, ತರಬಹುದಾ?’ ‘ಜರ್ಮನಿಗೆ ಕರಿಬೇವು?’ ‘ಥಾಯ್ಲೆಂಡಿನಿಂದ ಬರುವಾಗ ಡ್ರ್ಯಾಗನ್ ಫ್ರೂಟ್ ಕಡ್ಡಿ ತಂದರೆ ಹಿಡೀತಾರಾ?’

ಅವಸರದಲ್ಲಿ ಇರುವವರಿಗೆ ಉತ್ತರ ಇಷ್ಟು. ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗೆ ಬ್ಯಾಗಿನಲ್ಲಿ ತಾಜಾ ಮಾವು ಬೇಡವೇ ಬೇಡ. ಐರೋಪ್ಯ ಒಕ್ಕೂಟದ ದೇಶಗಳಿಗೆ, ಹಣ್ಣಿನಲ್ಲಿ ಕೀಟ-ರೋಗ ಇಲ್ಲವೆಂದು ಸರ್ಕಾರ ಕೊಡುವ ಪ್ರಮಾಣಪತ್ರ ಇಲ್ಲದೆ ಬೇಡ. ಎಲ್ಲಿಗೇ ಹೋಗಿ, ಬ್ಯಾಗಿನಲ್ಲಿ ಗಿಡದಿಂದ ಬಂದ ಏನೇ ಇದ್ದರೂ ಇಳಿದ ಕೂಡಲೇ ‘ಇದೆ’ ಎಂದು ಹೇಳಿಬಿಡಿ. ಯಾಕೆ ಹೀಗೆ, ಬೇರೆ ದಾರಿ ಏನಿದೆ ಎಂಬುದು ಮುಂದಿದೆ.

ಹಣ್ಣಿನ ಒಳಗೆ ಏನಿರುತ್ತದೆ

ನಿಯಮ ಗೊತ್ತಿದ್ದವರೂ ‘ನಮ್ಮ ತೋಟದ್ದು, ಔಷಧ ಹೊಡೆದಿಲ್ಲ, ತೊಳೆದು ಒರೆಸಿ ಇಟ್ಟಿದ್ದೇನೆ’ ಎನ್ನುತ್ತಾರೆ. ತೊಂದರೆ ಇರುವುದು ಸಿಪ್ಪೆಯ ಮೇಲಲ್ಲ, ಸಿಪ್ಪೆಯ ಕೆಳಗೆ. ನಮ್ಮ ರೈತರು ಊಜಿ ಎಂದು ಕರೆಯುವ ಹಣ್ಣು ನೊಣದ ಹೆಣ್ಣು, ಬಲಿತ ಕಾಯಿಯ ಸಿಪ್ಪೆಗೆ ಸೂಜಿಯಂಥ ಅಂಗ ಚುಚ್ಚಿ ಒಳಗೆ ಮೊಟ್ಟೆ ಇಡುತ್ತದೆ. ಹೊರಗೆ ಕಾಣುವುದು ಒಂದು ಸಣ್ಣ ಚುಕ್ಕೆ ಮಾತ್ರ. ಎಷ್ಟೋ ಸಲ ಅದೂ ಕಾಣುವುದಿಲ್ಲ. ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು ಬಿಳಿ ಹುಳುಗಳು ತಿರುಳು ತಿನ್ನತೊಡಗುತ್ತವೆ. ಬೆಳೆದ ಮೇಲೆ ಹಣ್ಣಿನಿಂದ ಹೊರಬಿದ್ದು ಮಣ್ಣಿಗಿಳಿದು ಕೋಶ ಕಟ್ಟಿಕೊಳ್ಳುತ್ತವೆ, ಮುಂದೆ ನೊಣವಾಗಿ ಏಳುತ್ತವೆ. ಬೆಂಗಳೂರಿನಲ್ಲಿ ಹಣ್ಣು ಪ್ಯಾಕ್ ಮಾಡಿದ ದಿನ ಮೊಟ್ಟೆಯಾಗಿದ್ದದ್ದು, ಡಲ್ಲಾಸ್‌ನ ಅಡುಗೆಮನೆಯಲ್ಲಿ ಹಣ್ಣು ಕೊಯ್ಯುವ ಹೊತ್ತಿಗೆ ಹುಳುವಾಗಿರುತ್ತದೆ. ಹುಳು ಕಂಡ ಹಣ್ಣನ್ನು ಯಾರೂ ತಿನ್ನುವುದಿಲ್ಲ, ಹಿತ್ತಲಿಗೆ ಎಸೆಯುತ್ತಾರೆ. ನೊಣಕ್ಕೆ ಬೇಕಾದ ಮಣ್ಣು ಸಿಗುವುದು ಅಲ್ಲೇ.

ಮಾವಿನ ವಾಟೆ ಕೊರೆಯುವ ಹುಳುವಿನ ಕಥೆ ಇನ್ನೂ ಗುಟ್ಟಿನದು. ಕಾಯಿ ಎಳೆಯದಾಗಿದ್ದಾಗಲೇ ಮೇಲೆ ಮೊಟ್ಟೆ ಇಟ್ಟಿರುತ್ತದೆ. ಮರಿಹುಳು ತಿರುಳನ್ನು ದಾಟಿ ವಾಟೆಯೊಳಗೆ ಸೇರಿಕೊಳ್ಳುತ್ತದೆ. ಕಾಯಿ ಬೆಳೆದಂತೆ ಆ ದಾರಿ ಮುಚ್ಚಿಹೋಗುತ್ತದೆ. ಹಣ್ಣು ಹೊರಗಿನಿಂದ ಚೊಕ್ಕ, ತಿರುಳೂ ಚೊಕ್ಕ. ವಾಟೆ ಒಡೆದರೆ ಮಾತ್ರ ಕಪ್ಪು ಮೂತಿಹುಳು ಕೂತಿರುವುದು ಕಾಣುತ್ತದೆ. ತಿಂದವರಿಗೆ ಇದರಿಂದ ಏನೂ ಆಗುವುದಿಲ್ಲ. ಆದರೆ ವಾಟೆ ಕಸಕ್ಕೆ ಹೋಗುತ್ತದೆ, ಹುಳು ಬದುಕಿರುತ್ತದೆ.

ಈ ನೊಣ ಹೊಸ ಊರಿಗೆ ಹೊಕ್ಕರೆ ಏನಾಗುತ್ತದೆಂದು ಕ್ಯಾಲಿಫೋರ್ನಿಯಾದವರನ್ನು ಕೇಳಬೇಕು. ಅಲ್ಲಿನ ರೆಡ್‌ಲ್ಯಾಂಡ್ಸ್ ಊರಿನಲ್ಲಿ ಏಷ್ಯಾ ಮೂಲದ ಹಣ್ಣು ನೊಣ ಹರಡಿದಾಗ, 2024ರ ಆರಂಭದಲ್ಲಿ ಸರ್ಕಾರದ ತಂಡಗಳು 2,000ಕ್ಕೂ ಹೆಚ್ಚು ಮನೆಗಳ ಹಿತ್ತಲಿಗೆ ಹೋಗಿ ಮರದಲ್ಲಿದ್ದ ಹಣ್ಣನ್ನೆಲ್ಲ ಕೊಯ್ದು ಸಾಗಿಸಬೇಕಾಯಿತು. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ 2025ರ ಜನವರಿಯಲ್ಲಿ ಬಲೆಗೆ ಬಿದ್ದದ್ದು ಇದೇ ಜಾತಿಯ ಒಂದೇ ಒಂದು ಗಂಡು ನೊಣ. ಆ ಒಂದು ನೊಣಕ್ಕಾಗಿ ಪಾಪಟೋಯ್ಟೋಯ್ ಬಡಾವಣೆಯ ಜನ ತಮ್ಮ ಹಣ್ಣು-ತರಕಾರಿಯನ್ನು ಗುರುತಿಸಿದ ವಲಯದಿಂದ ಹೊರಗೆ ಒಯ್ಯುವಂತಿರಲಿಲ್ಲ.

ಪರದೇಶದವರ ಕಷ್ಟ ನಮಗೇಕೆ ಎನ್ನುವವರು ಪಪಾಯಿ ಹಿಟ್ಟುತಿಗಣೆಯನ್ನು ನೆನೆಸಿಕೊಳ್ಳಲಿ. ಮೆಕ್ಸಿಕೊ ಕಡೆಯ ಈ ಕೀಟ ಭಾರತದಲ್ಲಿ ಮೊದಲು ಕಾಣಿಸಿದ್ದು 2008ರಲ್ಲಿ, ಕೊಯಮತ್ತೂರಿನಲ್ಲಿ. ಅಲ್ಲಿಂದ ನಮ್ಮ ಪಪಾಯಿ ತೋಟಗಳಿಗೂ ಹಿಪ್ಪುನೇರಳೆಗೂ ಹಬ್ಬಿ ರೇಷ್ಮೆ ಬೆಳೆಗಾರರನ್ನೂ ಕಂಗೆಡಿಸಿತು. ಎಷ್ಟು ಔಷಧ ಹೊಡೆದರೂ ಬಗ್ಗಲಿಲ್ಲ. ಕೊನೆಗೆ 2010ರಲ್ಲಿ ಪೋರ್ಟೊರಿಕೊದಿಂದ ಇದರ ಮೇಲೆ ಬದುಕುವ ಸಣ್ಣ ಕಣಜಗಳನ್ನು ತರಿಸಿ, ಬೆಂಗಳೂರಿನ ಕೃಷಿ ಕೀಟ ಸಂಶೋಧನಾ ಸಂಸ್ಥೆಯಲ್ಲಿ ಬೆಳೆಸಿ ಬಿಟ್ಟ ಮೇಲೆ ಹತೋಟಿಗೆ ಬಂತು. ಗಡಿಯಲ್ಲೇ ತಡೆಯುವುದು ಎಷ್ಟು ಅಗ್ಗ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಂತ 1: ಬ್ಯಾಗಿನಲ್ಲಿ ‘ಗಿಡ’ ಯಾವುದೆಂದು ಗುರುತಿಸಿ

ಹಣ್ಣು ಎಂದರೆ ಹಣ್ಣಷ್ಟೇ ಎಂದುಕೊಳ್ಳಬೇಡಿ. ತರಕಾರಿ, ಹಸಿ ಎಲೆ, ಹೂವು, ಬೀಜ, ಕಡ್ಡಿ, ಬೇರು, ಮಣ್ಣು ಅಂಟಿದ ಗಡ್ಡೆ, ತೊಗಟೆ ಇರುವ ಕಟ್ಟಿಗೆ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ನಮ್ಮವರ ಬ್ಯಾಗಿನಲ್ಲಿ ಸಾಮಾನ್ಯವಾಗಿ ಸಿಗುವವು ಇವು: ಮಾವು, ಸಪೋಟ, ಕರಿಬೇವು, ವೀಳ್ಯದೆಲೆ, ತುಳಸಿ, ತೋರಣಕ್ಕೆ ಮಾವಿನೆಲೆ, ಮಲ್ಲಿಗೆ ದಂಡೆ, ಹಸಿ ಅರಿಶಿನ ಕೊಂಬು, ಹಿತ್ತಲಲ್ಲಿ ಹಾಕಲು ಅವರೆ ಬೀಜ.

ದೇವಸ್ಥಾನದ ಪ್ರಸಾದವನ್ನೂ ಮರೆಯಬೇಡಿ. ಹೊರಡುವ ಹಿಂದಿನ ದಿನ ಅರ್ಚನೆ ಮಾಡಿಸಿ, ಬಾಳೆಹಣ್ಣು, ತೆಂಗಿನ ಹೋಳು, ಹೂವು ಇರುವ ಪೊಟ್ಟಣವನ್ನು ಕೈಚೀಲದಲ್ಲಿ ಇಟ್ಟುಕೊಂಡಿರುತ್ತೀರಿ. ನಿಮಗೆ ಅದು ಪ್ರಸಾದ. ಅಧಿಕಾರಿಗೆ ಕಾಣುವುದು ಹಣ್ಣು ಮತ್ತು ಹೂವು. ವಿಮಾನ ಇಳಿಯುವ ಮೊದಲೇ ಪ್ರಸಾದವನ್ನು ಸ್ವೀಕರಿಸಿ ಮುಗಿಸಿ. ಕುಂಕುಮ, ವಿಭೂತಿಯನ್ನು ಮಾತ್ರ ಇಟ್ಟುಕೊಳ್ಳಿ.

ಒಣ ಕೊಬ್ಬರಿಯದು ಬೇರೆಯೇ ತಕರಾರು. ಅದರಲ್ಲಿ ಎಣ್ಣೆ ಹೆಚ್ಚಿರುವುದರಿಂದ ಬೆಂಕಿ ಹೊತ್ತಿಕೊಳ್ಳುವ ವಸ್ತು ಎಂದು ವಿಮಾನ ಸುರಕ್ಷತಾ ಸಿಬ್ಬಂದಿ ಇಲ್ಲೇ ತೆಗೆದಿಡುತ್ತಾರೆ.

ಹಂತ 2: ಹೋಗುವ ದೇಶದ ನಿಯಮ ನೋಡಿ

ಅಮೆರಿಕ: ಭಾರತದಿಂದ ಪ್ರಯಾಣಿಕರು ತಾಜಾ ಮಾವು ತರುವಂತಿಲ್ಲ. ಕರಿಬೇವು ಕೂಡ ಇಲ್ಲ. ‘ಎಲೆಗೆ ಯಾಕಪ್ಪಾ ಇಷ್ಟು?’ ಎಂದು ಕೇಳುವವರೇ ಹೆಚ್ಚು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕರಿಬೇವು ಸಸ್ಯಶಾಸ್ತ್ರದ ಪ್ರಕಾರ ನಿಂಬೆ, ಕಿತ್ತಳೆಗಳ ಬಂಧು. ಕಿತ್ತಳೆ ಜಾತಿಯ ಚಿಗುರಿನ ರಸ ಹೀರುವ ಸಿಲ್ಲಾ ಎಂಬ ಪುಟ್ಟ ಕೀಟ ಕರಿಬೇವಿನ ಮೇಲೂ ಸುಖವಾಗಿ ಬೆಳೆಯುತ್ತದೆ. ಈ ಕೀಟವೇ ಸಿಟ್ರಸ್ ಗ್ರೀನಿಂಗ್ ರೋಗವನ್ನು ಮರದಿಂದ ಮರಕ್ಕೆ ಹೊತ್ತೊಯ್ಯುವುದು. ರೋಗ ತಗಲಿದ ಮರದ ಎಲೆ ಮಚ್ಚೆಮಚ್ಚೆಯಾಗಿ ಹಳದಿಯಾಗುತ್ತದೆ, ಕಾಯಿ ಸೊಟ್ಟಗಾಗಿ ಹಸಿರಾಗಿಯೇ ಉಳಿದು ಉದುರುತ್ತದೆ. ಮರವನ್ನು ಗುಣಪಡಿಸುವ ಔಷಧ ಇಲ್ಲ. ಕೊಡಗಿನ ಕಿತ್ತಳೆ ತೋಟಗಳು ಸೊರಗಿದ್ದಕ್ಕೆ ಇದೂ ಒಂದು ಕಾರಣ. ಫ್ಲಾರಿಡಾದಲ್ಲಿ ಕೀಟ 1998ರಲ್ಲಿ, ರೋಗ 2005ರಲ್ಲಿ ಪತ್ತೆಯಾಯಿತು. 2003-04ರಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿದ್ದ ರಾಜ್ಯ, 2024-25ಕ್ಕೆ ಸುಮಾರು 1.2 ಕೋಟಿ ಪೆಟ್ಟಿಗೆಗೆ ಇಳಿದಿದೆ. ಚಂಡಮಾರುತಗಳ ಪಾಲೂ ಇದರಲ್ಲಿದೆ, ಆದರೆ ದೊಡ್ಡ ಪೆಟ್ಟು ಈ ರೋಗದ್ದೇ. ಅಮೆರಿಕದ ಒಳಗೇ, ಈ ಕೀಟ ಇರುವ ರಾಜ್ಯಗಳಿಂದ ಕರಿಬೇವಿನ ಗಿಡ ಬೇರೆ ಕಡೆ ಕಳಿಸುವುದಕ್ಕೂ ನಿರ್ಬಂಧವಿದೆ.

ಐರೋಪ್ಯ ಒಕ್ಕೂಟ: 2019ರ ಡಿಸೆಂಬರ್ 14ರಿಂದ ನಿಯಮ ಬಿಗಿಯಾಗಿದೆ. ಹೊರದೇಶದಿಂದ ಬರುವ ಪ್ರಯಾಣಿಕರ ಬ್ಯಾಗಿನಲ್ಲಿರುವ ಹಣ್ಣಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ವಿನಾಯಿತಿ ಇರುವುದು ಐದೇ ಹಣ್ಣಿಗೆ: ಬಾಳೆ, ತೆಂಗಿನಕಾಯಿ, ಅನಾನಸ್, ಖರ್ಜೂರ, ಡ್ಯೂರಿಯನ್. ಮಾವು, ಕರಿಬೇವು ಈ ಪಟ್ಟಿಯಲ್ಲಿಲ್ಲ. ಬ್ರಿಟನ್ ಈಗ ಒಕ್ಕೂಟದಲ್ಲಿಲ್ಲ, ಅದರ ಪಟ್ಟಿ ಬೇರೆ. ಲಂಡನ್‌ಗೆ ಹೋಗುವವರು ಬರ್ಲಿನ್ನಿನ ನಿಯಮ ಓದಿಕೊಂಡು ಹೋಗಬೇಡಿ.

ಆಸ್ಟ್ರೇಲಿಯ, ನ್ಯೂಜಿಲೆಂಡ್: ಜಗತ್ತಿನಲ್ಲೇ ಅತಿ ಬಿಗಿ ಇಲ್ಲಿ. ಎರಡೂ ದ್ವೀಪ ದೇಶಗಳು. ಎಷ್ಟೋ ಕೀಟಗಳು ಇನ್ನೂ ಅಲ್ಲಿಗೆ ಕಾಲಿಟ್ಟಿಲ್ಲ, ಇಡದಂತೆ ನೋಡಿಕೊಳ್ಳುವ ಹಟ ಅವರದು. ತಾಜಾ ಹಣ್ಣು, ಎಲೆ, ಹೂವು ಯಾವುದನ್ನೂ ಒಯ್ಯಬೇಡಿ. ಮಾವಿನೆಲೆಯ ಬದಲು ಬಟ್ಟೆಯ ತೋರಣ ಒಯ್ಯಿರಿ.

ಉಳಿದ ದೇಶಗಳಿಗೆ ಆಯಾ ದೇಶದ ಕೃಷಿ ಇಲಾಖೆ ಅಥವಾ ಕಸ್ಟಮ್ಸ್‌ನ ಅಧಿಕೃತ ಜಾಲತಾಣವನ್ನೇ ನೋಡಿ. ‘ಹೋದ ವರ್ಷ ನಮ್ಮತ್ತೆ ಒಯ್ದಿದ್ದರು, ಏನೂ ಕೇಳಲಿಲ್ಲ’ ಎನ್ನುವ ವಾಟ್ಸ್ಯಾಪ್ ಮಾತನ್ನು ನಂಬಬೇಡಿ. ಅತ್ತೆಯವರ ಬ್ಯಾಗ್ ತೆರೆಯಲಿಲ್ಲ ಅಷ್ಟೇ, ನಿಯಮ ಬದಲಾಗಿಲ್ಲ. ಪಟ್ಟಿಗಳು ವರ್ಷವರ್ಷಕ್ಕೆ ಬದಲಾಗುವುದರಿಂದ ಟಿಕೆಟ್ ಮಾಡಿಸುವಾಗ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ.

ಹಂತ 3: ನಡುವೆ ಇಳಿಯುವ ದೇಶವನ್ನೂ ಲೆಕ್ಕಕ್ಕೆ ಹಿಡಿಯಿರಿ

ಜರ್ಮನಿಯಲ್ಲಿ ವಿಮಾನ ಬದಲಿಸಿ ಅಮೆರಿಕಕ್ಕೆ ಹೋಗುವವರು ಅಲ್ಲಿ ಕೊಂಡ ಸೇಬನ್ನೂ ಅಮೆರಿಕದಲ್ಲಿ ಇಳಿಸುವಂತಿಲ್ಲ. ವಿಮಾನದಲ್ಲಿ ಊಟದ ಜೊತೆ ಕೊಟ್ಟ ಹಣ್ಣಿಗೂ ಇದೇ ಮಾತು. 2018ರಲ್ಲಿ ಪ್ಯಾರಿಸ್‌ನಿಂದ ಅಮೆರಿಕಕ್ಕೆ ಬಂದ ಮಹಿಳೆಯೊಬ್ಬರು ವಿಮಾನದಲ್ಲಿ ಕೊಟ್ಟ ಸೇಬನ್ನು ಆಮೇಲೆ ತಿನ್ನೋಣ ಎಂದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದರು. 500 ಡಾಲರ್ ದಂಡ ಬಿತ್ತು. ಹಣ್ಣನ್ನು ಸೀಟಿನಲ್ಲೇ ತಿಂದು ಮುಗಿಸಿ, ಇಲ್ಲವೇ ಅಲ್ಲೇ ಬಿಟ್ಟು ಇಳಿಯಿರಿ.

ಹಂತ 4: ತಾಜಾ ಹಣ್ಣಿನ ಬದಲು ಏನು ಒಯ್ಯಬಹುದು

ಕುದಿಸಿದ, ಒಣಗಿಸಿದ, ಉಪ್ಪಿನಲ್ಲಿ ಊರಿದ ಪದಾರ್ಥದಲ್ಲಿ ನೊಣದ ಮೊಟ್ಟೆ ಉಳಿಯುವುದಿಲ್ಲ. ಹಾಗಾಗಿ ಡಬ್ಬಿಯಲ್ಲಿ ಬರುವ ಮಾವಿನ ರಸ, ಉಪ್ಪಿನಕಾಯಿ, ಕರಾವಳಿಯವರಾದರೆ ಮಾಂಬಳ, ಕರಿಬೇವಿನ ಚಟ್ನಿಪುಡಿ ಇವೆಲ್ಲ ತಾಜಾ ಹಣ್ಣಿಗಿಂತ ಎಷ್ಟೋ ಸುರಕ್ಷಿತ. ಆದಷ್ಟೂ ಕಂಪನಿಯ ಸೀಲ್ ಇರುವ, ಒಳಗೆ ಏನಿದೆ ಎಂದು ಇಂಗ್ಲಿಷಿನಲ್ಲಿ ಬರೆದ ಪ್ಯಾಕೆಟ್ ತೆಗೆದುಕೊಳ್ಳಿ. ಮನೆಯಲ್ಲಿ ಮಾಡಿದ್ದನ್ನು ಒಯ್ಯಲೇಬೇಕೆಂದರೆ ಡಬ್ಬಿಯ ಮೇಲೆ ಹೆಸರಿನ ಚೀಟಿ ಅಂಟಿಸಿ. ಅಧಿಕಾರಿಗೆ ಅದು ಏನೆಂದು ತಿಳಿಯದಿದ್ದರೆ ಕಸಕ್ಕೇ ಹೋಗುತ್ತದೆ. ಇವನ್ನೂ ಹೇಳಿಯೇ ಒಯ್ಯಬೇಕು.

ಹೀಗೆ ಮಾಡಿದರೆ ಆಗುತ್ತದೆಂದು ಜನ ನಂಬಿರುವ ಕೆಲವು ಉಪಾಯಗಳಿಂದ ಪ್ರಯೋಜನವಿಲ್ಲ. ಉಪ್ಪುನೀರಲ್ಲಿ ತೊಳೆದರೆ ಒಳಗಿನ ಮೊಟ್ಟೆ ಸಾಯದು. ಒಂದು ರಾತ್ರಿ ಫ್ರಿಜ್ಜಿನಲ್ಲಿ ಇಟ್ಟರೂ ಸಾಯದು. ತಂಪಿನಿಂದ ಕೊಲ್ಲಬೇಕಾದರೆ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ವಾರಗಟ್ಟಲೆ ಇಡಬೇಕು. ಹೆಚ್ಚಿ ಡಬ್ಬಿಗೆ ಹಾಕಿದರೂ ಅದು ತಾಜಾ ಹಣ್ಣೇ. ಸೀರೆಯ ಮಡಿಕೆಯಲ್ಲಿ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದರೆ ಎಕ್ಸ್‌ರೇ ಪರದೆಯ ಮೇಲೆ ಇನ್ನಷ್ಟು ಅನುಮಾನ ಬರುತ್ತದೆ. ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ 1984ರಿಂದಲೂ ಬೀಗಲ್ ನಾಯಿಗಳು ಈ ಕೆಲಸದಲ್ಲಿವೆ. ಬಾದಾಮಿ ಮಾವಿನ ಪರಿಮಳ ಅವುಗಳಿಗೆ ಮರೆಯಾಗುವುದಿಲ್ಲ.

ಹಂತ 5: ಇಳಿದ ಮೇಲೆ ‘ಇದೆ’ ಎನ್ನಿ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುತ್ತೀರಾದರೆ ಇದನ್ನು ಇಟ್ಟುಕೊಳ್ಳಿ.

ಆಸ್ಟ್ರೇಲಿಯದಲ್ಲಿ ಪ್ರಯಾಣಿಕರ ಕಾರ್ಡ್ ತುಂಬಬೇಕು. ನ್ಯೂಜಿಲೆಂಡಿನಲ್ಲಿ ಆನ್‌ಲೈನ್ ಘೋಷಣೆ ಇದೆ. ಅಮೆರಿಕದ ಹಲವು ನಿಲ್ದಾಣಗಳಲ್ಲಿ ಈಗ ಅಧಿಕಾರಿ ಬಾಯಿಮಾತಿನಲ್ಲೇ ಕೇಳುತ್ತಾರೆ. ರೂಪ ಯಾವುದಾದರೂ ಪ್ರಶ್ನೆ ಒಂದೇ: ಆಹಾರ, ಹಣ್ಣು, ಗಿಡ, ಬೀಜ ಏನಾದರೂ ತಂದಿದ್ದೀರಾ? ‘ಡಿಕ್ಲೇರ್’ ಮಾಡುವುದೆಂದರೆ ಇದಕ್ಕೆ ‘ಹೌದು’ ಎಂದು ಬರೆಯುವುದು ಅಥವಾ ಹೇಳುವುದು. ಹೌದೆಂದವರ ಬ್ಯಾಗ್ ನೋಡುತ್ತಾರೆ, ನಿಷಿದ್ಧ ವಸ್ತು ಇದ್ದರೆ ತೆಗೆದುಕೊಳ್ಳುತ್ತಾರೆ, ಮುಂದೆ ಬಿಡುತ್ತಾರೆ. ದಂಡ ಬೀಳುವುದು ಹಣ್ಣು ತಂದದ್ದಕ್ಕಿಂತ ಹೆಚ್ಚಾಗಿ, ಇಲ್ಲ ಎಂದು ಹೇಳಿ ಬ್ಯಾಗಿನಲ್ಲಿ ಇಟ್ಟುಕೊಂಡಿದ್ದಕ್ಕೆ. ನ್ಯೂಜಿಲೆಂಡಿನಲ್ಲಿ ಸ್ಥಳದಲ್ಲೇ 400 ಡಾಲರ್. ಆಸ್ಟ್ರೇಲಿಯದಲ್ಲಿ ದಂಡ ಸಾವಿರಾರು ಡಾಲರ್ ಆಗಬಹುದು, 2019ರಿಂದ ಪ್ರವಾಸಿ ವೀಸಾವನ್ನೇ ರದ್ದು ಮಾಡುವ ಅಧಿಕಾರವೂ ಅವರಿಗಿದೆ.

ಇಂಗ್ಲಿಷ್ ಸರಾಗವಾಗಿ ಬಾರದ ಅಪ್ಪ-ಅಮ್ಮನನ್ನು ಕಳಿಸುವ ಮಕ್ಕಳಿಗೆ ನನ್ನ ಕಳಕಳಿಯ ಮಾತು. ಬ್ಯಾಗಿನಲ್ಲಿರುವ ತಿಂಡಿಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆದು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಡಿ. ಅವರು ಆ ಚೀಟಿ ತೋರಿಸಿದರೆ ಸಾಕು. ಕಾರ್ಡ್ ತುಂಬುವಾಗ ಗೊತ್ತಾಗದಿದ್ದರೆ ಎಲ್ಲಕ್ಕೂ ‘ಇಲ್ಲ’ ಎಂದು ಗುರುತು ಹಾಕಬೇಡಿ, ಆಹಾರದ ಪ್ರಶ್ನೆಗೆ ‘ಹೌದು’ ಹಾಕಿ ಎಂದು ಮೊದಲೇ ಹೇಳಿಕೊಡಿ. ವಯಸ್ಸಾದವರು ಹೆದರಿಕೆಯಿಂದ ‘ಏನೂ ಇಲ್ಲ’ ಎಂದುಬಿಡುತ್ತಾರೆ. ಅವರಿಗೆ ಕಷ್ಟ ಬರುವುದು ಅಲ್ಲಿಯೇ.

ಬ್ಯಾಗಿನ ಮೂಲೆಯಲ್ಲಿ ಹಣ್ಣಿರುವುದು ಕೊನೆಗಳಿಗೆಯಲ್ಲಿ ನೆನಪಾಯಿತೇ? ಆಸ್ಟ್ರೇಲಿಯ, ನ್ಯೂಜಿಲೆಂಡಿನ ನಿಲ್ದಾಣಗಳಲ್ಲಿ ತಪಾಸಣೆಗೆ ಮುಂಚೆ ಇದಕ್ಕೆಂದೇ ತೊಟ್ಟಿಗಳಿವೆ. ಅಲ್ಲಿ ಹಾಕಿ, ಇಲ್ಲವೇ ಅಧಿಕಾರಿಗೆ ಕೊಟ್ಟುಬಿಡಿ. ಶೌಚಾಲಯದ ಬುಟ್ಟಿಗೆ ಎಸೆಯಬೇಡಿ.

ಹಂತ 6: ಹಣ್ಣೇ ಬೇಕೆಂದರೆ ಸರಿಯಾದ ದಾರಿ

ಭಾರತದ ಮಾವು ವಿದೇಶಕ್ಕೆ ಹೋಗುವುದೇ ಇಲ್ಲ ಎಂದಲ್ಲ. ಹೋಗುತ್ತದೆ, ಹುಳ ಹರಡದಂತೆ ಸಂಸ್ಕರಿಸಿದ ಮೇಲೆ. ಅಮೆರಿಕ 2007ರಲ್ಲಿ ನಮ್ಮ ಮಾವಿಗೆ ಬಾಗಿಲು ತೆರೆದದ್ದು ವಿಕಿರಣ ಸಂಸ್ಕರಣೆಯ ಷರತ್ತಿನ ಮೇಲೆ. ಪೆಟ್ಟಿಗೆಗಳನ್ನು 400 ಗ್ರೇ ಪ್ರಮಾಣದ ವಿಕಿರಣಕ್ಕೆ ಒಡ್ಡುತ್ತಾರೆ. ಗ್ರೇ ಎಂದರೆ ಪದಾರ್ಥವು ಎಷ್ಟು ವಿಕಿರಣವನ್ನು ಹೀರಿತು ಎಂಬುದರ ಅಳತೆ. ಇದರಿಂದ ವಾಟೆಯೊಳಗೆ ಹುಳು ಇದ್ದರೂ ಸಂತಾನ ಬೆಳೆಸಲಾರದು. ಹಣ್ಣಿನಲ್ಲಿ ವಿಕಿರಣ ಉಳಿಯುವುದಿಲ್ಲ. ಕೋಲಾರ ಜಿಲ್ಲೆಯ ಮಾಲೂರಿನಲ್ಲೂ ಇಂಥ ಘಟಕವಿದೆ.

ಯುರೋಪಿನದು ಬಿಸಿನೀರಿನ ದಾರಿ. 2013ರಲ್ಲಿ ಭಾರತದಿಂದ ಬಂದ 207 ಸರಕುಗಳಲ್ಲಿ ಕೀಟ ಸಿಕ್ಕಿದ್ದರಿಂದ, 2014ರ ಮೇ 1ರಿಂದ ಮಾವು, ಹಾಗಲ, ಪಡವಲ, ಬದನೆ, ಕೆಸುವನ್ನು ಐರೋಪ್ಯ ಒಕ್ಕೂಟ ತಡೆಹಿಡಿಯಿತು. ಮಾವನ್ನು 48 ಡಿಗ್ರಿ ಬಿಸಿನೀರಿನಲ್ಲಿ ಒಂದು ಗಂಟೆ ಮುಳುಗಿಸಿಡುವಂಥ ವ್ಯವಸ್ಥೆ, ಬಿಗಿ ತಪಾಸಣೆ ನಮ್ಮಲ್ಲಿ ಬಂದ ಮೇಲೆ 2015ರ ಆರಂಭದಲ್ಲಿ ಮಾವಿನ ಮೇಲಿನ ತಡೆ ತೆಗೆದರು. ಮನೆಯಲ್ಲಿ ಬಕೆಟ್ ಇಟ್ಟುಕೊಂಡು ಇದನ್ನು ಮಾಡಲು ಹೋಗಬೇಡಿ. ಉಷ್ಣತೆ ಇಳಿದರೆ ಹುಳ ಬದುಕುತ್ತದೆ, ಏರಿದರೆ ಹಣ್ಣು ಬೇಯುತ್ತದೆ. ಎಷ್ಟೇ ಕರಾರುವಾಕ್ಕಾಗಿ ಮಾಡಿದರೂ ಪ್ರಮಾಣಪತ್ರ ಸಿಗುವುದು ಮಾನ್ಯತೆ ಪಡೆದ ಘಟಕದ ಹಣ್ಣಿಗೆ ಮಾತ್ರ.

ಸಸ್ಯ ಆರೋಗ್ಯ ಪ್ರಮಾಣಪತ್ರ ಎಂದರೆ ‘ಈ ಸರಕನ್ನು ಪರೀಕ್ಷಿಸಿದ್ದೇವೆ, ನಿಮ್ಮ ದೇಶ ತಡೆದಿರುವ ಕೀಟ-ರೋಗ ಇದರಲ್ಲಿಲ್ಲ’ ಎಂದು ಕಳಿಸುವ ದೇಶದ ಸರ್ಕಾರ ಕೊಡುವ ಕಾಗದ. ಇದನ್ನೇ ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಎನ್ನುವುದು. ಕೇಂದ್ರ ಸರ್ಕಾರದ ಸಸ್ಯ ಕ್ವಾರಂಟೈನ್ ಕಚೇರಿಗಳು ಕೊಡುತ್ತವೆ. ಬೆಂಗಳೂರಿನಲ್ಲೂ ಮಂಗಳೂರಿನಲ್ಲೂ ಕಚೇರಿ ಇದೆ. ಆದರೆ ಒಂದು ಡಜನ್ ಹಣ್ಣಿಗಾಗಿ ಇಷ್ಟೆಲ್ಲ ಓಡಾಡುವುದು ಯಾರಿಗೂ ಗಿಟ್ಟುವುದಿಲ್ಲ. ಕಾಗದದ ಕೆಲಸ ಎಷ್ಟು ಸೂಕ್ಷ್ಮವೆಂದರೆ, 2025ರ ಮೇನಲ್ಲಿ ಮುಂಬೈಯಲ್ಲಿ ಸಂಸ್ಕರಿಸಿ ಕಳಿಸಿದ ಸುಮಾರು 15 ಸರಕುಗಳ ಮಾವನ್ನು ದಾಖಲೆಯಲ್ಲಿ ದೋಷವಿದೆ ಎಂದು ಅಮೆರಿಕ ಒಳಗೆ ಬಿಡಲಿಲ್ಲ. ವರ್ಷಗಟ್ಟಲೆ ಇದೇ ವ್ಯಾಪಾರ ಮಾಡಿದವರ ಪಾಡೇ ಹೀಗಾಯಿತು.

ಅಮೆರಿಕದಲ್ಲಿರುವ ಮಕ್ಕಳಿಗೆ ಬೇಸಿಗೆಯಲ್ಲಿ ಅಲ್ಲಿನ ಭಾರತೀಯ ಅಂಗಡಿಯಲ್ಲೇ ಪೆಟ್ಟಿಗೆ ಕಾದಿರಿಸಲು ಹೇಳಿ. ಆಪೂಸ್, ಕೇಸರ್, ಬಂಗನಪಲ್ಲಿ ಬರುತ್ತವೆ. ಬಾದಾಮಿ ಪ್ರಿಯರಿಗೆ ಆಪೂಸ್ ಅಪರಿಚಿತವೇನಲ್ಲ. ಬೆಲೆ ಹೆಚ್ಚು, ಹೌದು. ದಂಡಕ್ಕಿಂತ ಕಡಿಮೆ.

ಹಂತ 7: ಭಾರತಕ್ಕೆ ಮರಳುವಾಗ

ಇಲ್ಲಿಯೂ ಕಾನೂನಿದೆ. 1914ರ ಕೀಟ-ಪಿಡುಗು ಕಾಯ್ದೆಯಡಿ 2003ರಲ್ಲಿ ಹೊರಡಿಸಿದ ಸಸ್ಯ ಕ್ವಾರಂಟೈನ್ ಆದೇಶ ಈಗ ಜಾರಿಯಲ್ಲಿದೆ. ಸ್ವಂತ ಬಳಕೆಯ 2 ಕಿಲೋಗಿಂತ ಕಡಿಮೆ ಹಣ್ಣು, ತರಕಾರಿ, ಕೊಯ್ದ ಹೂವನ್ನು ಪ್ರಮಾಣಪತ್ರವಿಲ್ಲದೆ ಬಿಡಲು ಅದರಲ್ಲಿ ಅವಕಾಶವಿದೆ. ಬಿಡುತ್ತಾರೆಂದು ತರಲೇಬೇಕು ಎಂದೇನಿಲ್ಲ. ತಂದರೆ ಹುಳುಕು ಕಂಡ ಹಣ್ಣನ್ನು ಹಿತ್ತಲ ಗೊಬ್ಬರದ ಗುಂಡಿಗೆ ಹಾಕದೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಬಿಸಿಲಿಗಿಟ್ಟು ಆಮೇಲೆ ಕಸಕ್ಕೆ ಕೊಡಿ.

ಆ ವಿನಾಯಿತಿ ನೆಡುವ ವಸ್ತುವಿಗೆ ಇಲ್ಲ. ಡ್ರ್ಯಾಗನ್ ಫ್ರೂಟ್ ಕಡ್ಡಿ, ಬೆಣ್ಣೆಹಣ್ಣಿನ ಕಸಿಕಡ್ಡಿ, ಅಲಂಕಾರ ಗಿಡ, ಬೀಜಕ್ಕೆ ಮೊದಲೇ ಆಮದು ಪರವಾನಗಿ ಪಡೆಯಬೇಕು, ಆ ದೇಶದ ಪ್ರಮಾಣಪತ್ರವೂ ಬೇಕು. ಕೆಲವು ಗಿಡಗಳನ್ನು ತಂದ ಮೇಲೆ ಪ್ರತ್ಯೇಕವಾಗಿ ಬೆಳೆಸಿ ತಿಂಗಳುಗಟ್ಟಲೆ ಗಮನಿಸುವ ಷರತ್ತೂ ಇರುತ್ತದೆ. ಹವ್ಯಾಸಿ ಬೆಳೆಗಾರರ ಗುಂಪುಗಳಲ್ಲಿ ‘ಸಾಕ್ಸ್ ಒಳಗೆ ಸುತ್ತಿ ತನ್ನಿ, ಗೊತ್ತಾಗಲ್ಲ’ ಎಂಬ ಸಲಹೆ ಓಡಾಡುವುದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹಣ್ಣಿನಲ್ಲಿ ಬಂದ ಹುಳು ಮಣ್ಣು ಹುಡುಕಿಕೊಳ್ಳಬೇಕು. ಕಡ್ಡಿಯಲ್ಲಿ ಬಂದ ರೋಗವನ್ನಾದರೆ ನಾವೇ ಗುಂಡಿ ತೋಡಿ, ನೀರು ಹಾಕಿ, ಅಕ್ಕಪಕ್ಕದವರಿಗೂ ಹಂಚುತ್ತೇವೆ. ಹೊಸ ತಳಿ ಬೇಕಿದ್ದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ, ತೋಟಗಾರಿಕೆ ಇಲಾಖೆಯ ನರ್ಸರಿಗಳಲ್ಲಿ ಮೊದಲು ವಿಚಾರಿಸಿ.

ತಂದ ಗಿಡದಲ್ಲಿ ಅಥವಾ ನಿಮ್ಮ ತೋಟದಲ್ಲೇ ಹಿಂದೆ ನೋಡದ ಕೀಟ ಕಂಡರೆ ಫೋಟೊ ತೆಗೆಯಿರಿ. ಕೀಟ ಇರುವ ಎಲೆ ಅಥವಾ ಕಾಯಿಯನ್ನು ಜಿಪ್ ಚೀಲದಲ್ಲಿ ಮುಚ್ಚಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ತಾಲ್ಲೂಕಿನ ತೋಟಗಾರಿಕೆ ಕಚೇರಿಗೆ ತಲುಪಿಸಿ. ಅವರು ನೋಡಿ ಹೇಳುವವರೆಗೂ ಆ ಗಿಡದ ಕಡ್ಡಿ, ಸಸಿ ಯಾರಿಗೂ ಕೊಡಬೇಡಿ.